ಸಾಲ ಕೊಟ್ಟವರು, ಸಾಲ ತಂದವರು

ಬಹುಕಾಲ ಇಂಗ್ಲಿಷ್ ಬೋಧಿಸಿದವರಿಗೆ ಒಂದು ವಿಚಿತ್ರ ಅಭ್ಯಾಸ ಉಳಿದುಬಿಡುತ್ತದೆ. ಆ ಭಾಷೆಯ ಕೆಲವು ಶಬ್ದಗಳು ಕಿವಿಗೆ ಬಿದ್ದೊಡನೆ, ಅರ್ಥಕ್ಕಿಂತ ಮೊದಲು, ಎಂದೋ ಅದನ್ನು ತಪ್ಪಾಗಿ ಬಳಸಿದ ವಿದ್ಯಾರ್ಥಿಯ ಮುಖ ಕಣ್ಣಮುಂದೆ ಬರುತ್ತದೆ. ‘ಆಸ್ಕ್’ ಎಂದರೆ ನನಗೆ ಬಾಗೂರು ಕಡೆಯ ಒಬ್ಬ ಹುಡುಗಿ ನೆನಪಾಗುತ್ತಾಳೆ. ಜಾತ್ರೆಯಲ್ಲಿ ವಾಲಗ ಕೇಳಿದೆ ಎಂಬುದನ್ನು ಬರೆಯಲು ಹೊರಟು ಆಕೆ ವಾಲಗವನ್ನು ‘ಆಸ್ಕ್’ ಮಾಡಿದ್ದಳು. ‘ಡಿಮಾಂಡ್’ ಎಂದರೆ, ಎರಡು ದಿನದ ರಜೆಯನ್ನು ವಿನಯದಿಂದಲೇ ‘ಡಿಮಾಂಡ್’ ಮಾಡಿ ಮುಖ್ಯೋಪಾಧ್ಯಾಯರನ್ನು ಬೆಚ್ಚಿಬೀಳಿಸಿದ ಹುಡುಗ. ಇವನ್ನೆಲ್ಲ ನೆನೆದು ಈಗಲೂ ನಗುತ್ತೇನೆ. ಆದರೆ ‘ಲೆಂಡ್’ ಎಂಬ ಶಬ್ದ ಕೇಳಿದಾಗ ನಗು ಬರುವುದಿಲ್ಲ.

ನಾನು ಕೆಲಸಕ್ಕೆ ಸೇರಿದ ಎರಡನೆಯ ವರ್ಷದ ಮಾತು. ಹೊಸದುರ್ಗ ತಾಲ್ಲೂಕಿನ ಒಂದು ಹಳ್ಳಿಯ ಪ್ರೌಢಶಾಲೆ. ಒಂಬತ್ತನೆಯ ತರಗತಿಯವರಿಗೆ ‘ನನ್ನ ಕುಟುಂಬ’ ಎಂಬ ವಿಷಯ ಕೊಟ್ಟು ಇಂಗ್ಲಿಷಿನಲ್ಲಿ ಹತ್ತು ವಾಕ್ಯ ಬರೆದು ತರಲು ಹೇಳಿದ್ದೆ. ಹುಡುಗನೊಬ್ಬನ ಏಳನೆಯ ವಾಕ್ಯ ಹೀಗಿತ್ತು: ‘ಮೈ ಫಾದರ್ ಲೆಂಟ್ ಟೂ ಥೌಸಂಡ್ ರುಪೀಸ್ ಫ್ರಮ್ ಎ ಬಿಗ್ ಮ್ಯಾನ್.’ ಅಪ್ಪ ಊರಿನ ದೊಡ್ಡವರೊಬ್ಬರಿಂದ ಎರಡು ಸಾವಿರ ರೂಪಾಯಿ ಸಾಲ ತಂದಿದ್ದಾನೆ ಎಂಬುದು ಅವನ ಅಭಿಪ್ರಾಯ. ಅವನು ಬರೆದದ್ದು ಸಾಲ ಕೊಟ್ಟಿದ್ದಾನೆ ಎಂದು. ನಾನು ‘ಲೆಂಟ್’ ಎಂಬುದರ ಕೆಳಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು ಮೇಲೆ ‘ಬಾರೋಡ್’ ಎಂದು ಬರೆದೆ. ಅಷ್ಟಕ್ಕೆ ಬಿಡಲಿಲ್ಲ. ತರಗತಿಯಲ್ಲಿ ಆ ವಾಕ್ಯವನ್ನು ಗಟ್ಟಿಯಾಗಿ ಓದಿ, ‘ದೊಡ್ಡವರಿಗೇ ಸಾಲ ಕೊಡುವಷ್ಟು ದೊಡ್ಡ ಮನುಷ್ಯನೇನೋ ನಿಮ್ಮಪ್ಪ?’ ಎಂದೆ. ಎಲ್ಲರೂ ನಕ್ಕರು. ಹುಡುಗ ತಲೆ ತಗ್ಗಿಸಿ ನಿಂತಿದ್ದ. ತಮಾಷೆಯಿಂದ ಹೇಳಿದರೆ ವ್ಯತ್ಯಾಸ ಚೆನ್ನಾಗಿ ಮನಸ್ಸಿನಲ್ಲಿ ನಿಲ್ಲುತ್ತದೆ ಎಂದು ನಾನು ಆಗ ನಂಬಿದ್ದೆ.

ಆ ಹುಡುಗನ ವಿಚಾರಕ್ಕೆ ಮತ್ತೆ ಬರುತ್ತೇನೆ. ಅವನು ಆ ತಪ್ಪನ್ನು ಏಕೆ ಮಾಡಿದ ಎಂಬುದು ನನಗೆ ತಿಳಿಯಲು ಹಲವು ವರ್ಷ ಬೇಕಾಯಿತು. ಅದು ಅಜಾಗರೂಕತೆಯಲ್ಲ, ದಡ್ಡತನವೂ ಅಲ್ಲ. ಇಂಗ್ಲಿಷ್ ಮತ್ತು ಕನ್ನಡಗಳನ್ನು ಒಂದರ ಎದುರು ಒಂದಿಟ್ಟು ಬರೆದ ಇನ್ನೂರು ವರ್ಷಗಳ ಚರಿತ್ರೆಯಲ್ಲಿ ಆ ತಪ್ಪಿನ ಬೇರು ಇದೆ.

ಮೊದಲು ಆ ಎರಡು ಕ್ರಿಯಾಪದಗಳನ್ನೇ ನೋಡೋಣ. ‘ಲೆಂಡ್’ ಎಂಬುದು ಹಳೆಯ ಇಂಗ್ಲಿಷಿನಲ್ಲಿ ಸಾಲ ಎಂಬ ಅರ್ಥದ ನಾಮಪದದಿಂದ ಹುಟ್ಟಿದ ಕ್ರಿಯಾಪದ. ಕೊನೆಯ ‘ಡ್’ ಮೂಲದಲ್ಲಿ ಇರಲಿಲ್ಲ. ಭೂತಕಾಲದ ರೂಪದಲ್ಲಿದ್ದ ಆ ಧ್ವನಿ ಮುಂದೆ ಮೂಲರೂಪಕ್ಕೂ ಅಂಟಿಕೊಂಡಿತು. ‘ಬಾರೋ’ ಎಂಬುದರ ಮೂಲಾರ್ಥ ಬೇರೆ. ಅಡವು, ಜಾಮೀನು ಎಂಬ ಅರ್ಥದ ‘ಬೊರ್ಗ್’ ಎಂಬ ಶಬ್ದದಿಂದ ಅದು ಬಂದಿತು. ಅಡವಿಟ್ಟು ತರುವುದೇ ‘ಬಾರೋ’. ಹೀಗೆ ಕೊಡುವವನಿಗೊಂದು, ತರುವವನಿಗೊಂದು ಶಬ್ದ ಆ ಭಾಷೆಯಲ್ಲಿ ನೆಲೆನಿಂತಿತು. ಯಾವ ಕಡೆಯಿಂದ ಯಾವ ಕಡೆಗೆ ಎಂಬುದು ಕ್ರಿಯಾಪದದ ಹೊಟ್ಟೆಯೊಳಗೇ ಅಡಗಿದೆ.

ಕನ್ನಡದಲ್ಲಿ ಹಾಗಲ್ಲ. ಸಾಲ ಎಂಬುದು ಒಂದೇ. ಅದಕ್ಕೆ ‘ಕೊಡು’ ಸೇರಿದರೆ ಒಂದು ದಿಕ್ಕು, ‘ತರು’ ಅಥವಾ ‘ಮಾಡು’ ಸೇರಿದರೆ ಇನ್ನೊಂದು ದಿಕ್ಕು. ದಿಕ್ಕಿನ ವ್ಯತ್ಯಾಸಕ್ಕೆ ಪ್ರತ್ಯೇಕ ಶಬ್ದ ಇಟ್ಟುಕೊಳ್ಳದ ಕನ್ನಡ, ಇಂಗ್ಲಿಷ್ ಗಮನಿಸದ ಮತ್ತೊಂದು ವ್ಯತ್ಯಾಸವನ್ನು ಬಹಳ ಎಚ್ಚರದಿಂದ ಕಾಪಾಡಿಕೊಂಡಿದೆ. ಎರವಲು ತಂದದ್ದನ್ನು ಅದೇ ವಸ್ತುವಾಗಿ ಹಿಂದಿರುಗಿಸಬೇಕು. ಪುಸ್ತಕ, ಒನಕೆ, ಮದುವೆಯ ಮನೆಗೆಂದು ತಂದ ಒಡವೆ, ಇವು ಎರವಲು. ಕಡ ತಂದದ್ದನ್ನು ಅಷ್ಟೇ ಅಳತೆಯಲ್ಲಿ ತಿರುಗಿ ಅಳೆದುಕೊಡಬೇಕು. ಒಂದು ಸೇರು ರಾಗಿ, ಒಂದು ಲೋಟ ಸಕ್ಕರೆ ಇದಕ್ಕೆ ನಿದರ್ಶನ. ಸಾಲವೆಂದರೆ ಅದರ ಹಿಂದೆ ಬಡ್ಡಿಯ ನೆರಳು ಇದ್ದೇ ಇರುತ್ತದೆ. ನೆರೆಮನೆಯಿಂದ ಒಂದು ಲೋಟ ಸಕ್ಕರೆ ತಂದ ನಮ್ಮ ಹೆಣ್ಣುಮಗಳು ‘ಸಾಲ ಮಾಡಿ ಬಂದೆ’ ಎನ್ನಲಾರಳು. ಇಂಗ್ಲಿಷಿನಲ್ಲಿ ಪುಸ್ತಕವನ್ನೂ ಸಕ್ಕರೆಯನ್ನೂ ಎರಡು ಸಾವಿರ ರೂಪಾಯಿಯನ್ನೂ ‘ಬಾರೋ’ ಮಾಡಬಹುದು. ಇಂಗ್ಲಿಷ್ ದಿಕ್ಕನ್ನು ವಿಂಗಡಿಸಿತು, ಕನ್ನಡ ಋಣದ ಸ್ವರೂಪವನ್ನು ವಿಂಗಡಿಸಿತು.

ಇಂಗ್ಲಿಷಿನ ಹತ್ತಿರದ ನಂಟನಾದ ಜರ್ಮನ್ ಭಾಷೆ ಈ ವಿಷಯದಲ್ಲಿ ಕನ್ನಡದ ಪಕ್ಷ. ಅಲ್ಲಿನ ‘ಬೊರ್ಗನ್’ ಎಂಬ ಕ್ರಿಯಾಪದ ಕೊಡುವುದಕ್ಕೂ ಬಳಕೆಯಾಗುತ್ತದೆ, ತರುವುದಕ್ಕೂ ಬಳಕೆಯಾಗುತ್ತದೆ. ‘ಲೈಹನ್’ ಎಂಬುದೂ ಹಾಗೆಯೇ. ವಾಕ್ಯದ ಉಳಿದ ಶಬ್ದಗಳಿಂದ ದಿಕ್ಕನ್ನು ತಿಳಿಯಬೇಕು. ನಮ್ಮ ನಿಘಂಟುಗಳ ಪಿತಾಮಹರೆನಿಸಿದ ಫರ್ಡಿನೆಂಡ್ ಕಿಟೆಲ್ ಅವರ ತಾಯ್ನುಡಿ ಜರ್ಮನ್. ಅಂದರೆ ನಾನು ನಗೆಗೀಡುಮಾಡಿದ ಆ ಹುಡುಗ, ಇಂಗ್ಲಿಷ್ ಕಲಿಯತೊಡಗಿದ ಯಾವ ಜರ್ಮನ್ ಬಾಲಕನಾದರೂ ಎಡವಬಹುದಾದ ಕಲ್ಲಿಗೇ ಎಡವಿದ್ದ.

ಇನ್ನು ನಿಘಂಟುಗಳ ಚರಿತ್ರೆಗೆ ಬರೋಣ. ಕನ್ನಡವನ್ನು ಇಂಗ್ಲಿಷಿನ ಮೂಲಕ ವಿವರಿಸುವ ಕೆಲಸ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಮೊದಲಾಯಿತು. ಬಂಗಾಳದ ಸೆರಾಂಪುರದಲ್ಲಿದ್ದ ವಿಲಿಯಂ ಕೇರಿ 1817ರಲ್ಲಿ ಕನ್ನಡ ವ್ಯಾಕರಣವೊಂದನ್ನು ಪ್ರಕಟಿಸಿದರು. 1820ರಲ್ಲಿ ಮದರಾಸಿನಲ್ಲಿ ಜಾನ್ ಮೆಕೆರೆಲ್ ಅವರ ವ್ಯಾಕರಣ ಬಂದಿತು. ನಮ್ಮ ಜಿಲ್ಲೆಗೆ ನೆರೆಯದಾದ ಬಳ್ಳಾರಿಯಲ್ಲಿ ಲಂಡನ್ ಮಿಷನರಿ ಸೊಸೈಟಿಯವರು 1810ರಿಂದಲೇ ನೆಲೆಸಿದ್ದರು. ಆ ಸಂಸ್ಥೆಗೆ ಸೇರಿದ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್–ಕನ್ನಡ ನಿಘಂಟನ್ನೂ 1832ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನೂ ಹೊರತಂದರು. ಎರಡನೆಯದನ್ನು ಡೇನಿಯಲ್ ಸ್ಯಾಂಡರ್ಸನ್ 1858ರಲ್ಲಿ ಪರಿಷ್ಕರಿಸಿದರು. ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ 1876ರಲ್ಲಿ ಜೀಗ್ಲರ್ ಅವರ ಇಂಗ್ಲಿಷ್–ಕನ್ನಡ ಶಾಲಾ ನಿಘಂಟು ಬಂದಿತು. ಕೊನೆಗೆ 1894ರಲ್ಲಿ, ಸುಮಾರು 70,000 ಶಬ್ದಗಳನ್ನೊಳಗೊಂಡ ಕಿಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು ಹೊರಬಂದಿತು. ಈ ಮಹನೀಯರ ಶ್ರಮದ ಮುಂದೆ ನಾವು ತಲೆಬಾಗಲೇಬೇಕು.

ಆದರೆ ಒಂದು ಪ್ರಶ್ನೆಯನ್ನು ಹಾಕಿಕೊಳ್ಳಬೇಕು. ಇವುಗಳಲ್ಲಿ ಬಹುಪಾಲು ಪುಸ್ತಕಗಳು ಯಾರಿಗಾಗಿ ಸಿದ್ಧವಾದವು? ಕನ್ನಡ ಕಲಿಯಬೇಕಾಗಿದ್ದ ಪಾದ್ರಿಗೆ, ಕನ್ನಡ ನಾಡಿನಲ್ಲಿ ಅಧಿಕಾರ ನಡೆಸಬೇಕಾಗಿದ್ದ ಅಧಿಕಾರಿಗೆ. ‘ಹಿಯರ್’ಗೂ ‘ಲಿಸನ್’ಗೂ ಇರುವ ವ್ಯತ್ಯಾಸ ಅವರಿಗೆ ತಾಯಿಯ ಮಡಿಲಲ್ಲೇ ಬಂದಿತ್ತು. ಕನ್ನಡದಲ್ಲಿ ಏನೆನ್ನಬೇಕು ಎಂಬುದಷ್ಟೇ ಅವರಿಗೆ ಬೇಕಾಗಿತ್ತು. ‘ಕೇಳು’ ಎಂಬ ಒಂದು ಉತ್ತರ ಅವರಿಗೆ ಸಾಕು. ಅದೇ ರೀತಿಯ ಪುಸ್ತಕವನ್ನು ನಮ್ಮ ಮಗು ಎದುರು ದಿಕ್ಕಿನಿಂದ ತೆರೆದಾಗ ಏನಾಗುತ್ತದೆ ನೋಡಿ. ಯಾವುದೇ ಕಿರು ನಿಘಂಟಿನಲ್ಲಿ ‘ಹಿಯರ್’ ಎಂದರೆ ಕೇಳು, ‘ಲಿಸನ್’ ಎಂದರೆ ಕೇಳು, ‘ಆಸ್ಕ್’ ಎಂದರೂ ಕೇಳು. ಮಾತು ಕೇಳುವ ಮಗು ಎನ್ನುವಾಗ ‘ಒಬೇ’ ಕೂಡ ಕೇಳು. ನಾಲ್ಕು ಶಬ್ದಗಳಿಗೆ ಒಂದೇ ಉತ್ತರ ಕಂಡ ಮಗು, ಈ ನಾಲ್ಕೂ ಒಂದೇ ಎಂದು ತಿಳಿದರೆ ಅದು ಮಗುವಿನ ತಪ್ಪೇ? ವಾಲಗವನ್ನು ‘ಆಸ್ಕ್’ ಮಾಡಿದ ನನ್ನ ವಿದ್ಯಾರ್ಥಿನಿ ನಿಘಂಟಿಗೆ ಪೂರ್ಣ ವಿಧೇಯಳಾಗಿದ್ದಳು.

ಇಷ್ಟೊಂದು ಸಮೀಪಾರ್ಥದ ಕ್ರಿಯಾಪದಗಳು ಇಂಗ್ಲಿಷಿಗೆ ಎಲ್ಲಿಂದ ಬಂದವು? ಇದಕ್ಕೆ ಆ ದೇಶದ ರಾಜಕೀಯ ಚರಿತ್ರೆಯೇ ಉತ್ತರ. 1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದ ಮೇಲೆ ಅರಮನೆ, ನ್ಯಾಯಾಲಯಗಳ ಮಾತು ಫ್ರೆಂಚ್ ಆಯಿತು. ಹೊಲದಲ್ಲಿ, ಅಡಿಗೆಮನೆಯಲ್ಲಿ ಹಳೆಯ ಇಂಗ್ಲಿಷ್ ಉಳಿಯಿತು. ಪಂಡಿತರ ಬರವಣಿಗೆಯಲ್ಲಿ ಲ್ಯಾಟಿನ್ ಇದ್ದೇ ಇತ್ತು. ಹೀಗಾಗಿ ಒಂದೇ ಕೆಲಸಕ್ಕೆ ಎರಡು ಮೂರು ಶಬ್ದಗಳು ಒಂದೇ ಮನೆಯಲ್ಲಿ ಬಾಳಬೇಕಾಯಿತು. ‘ಬಿಗಿನ್’ ಹಳ್ಳಿಯ ಶಬ್ದ, ‘ಕಮೆನ್ಸ್’ ಫ್ರೆಂಚರ ಬಳುವಳಿ. ‘ಆಸ್ಕ್’ ದೇಶೀಯ, ‘ಡಿಮಾಂಡ್’ ಫ್ರೆಂಚಿನಿಂದ ಬಂದದ್ದು, ‘ಇಂಟರಾಗೇಟ್’ ಲ್ಯಾಟಿನ್ನಿನದು. ಒಟ್ಟಿಗೆ ಬಾಳಿದ ಶಬ್ದಗಳು ಕಾಲಕ್ರಮದಲ್ಲಿ ಅರ್ಥವನ್ನು ಪಾಲುಮಾಡಿಕೊಂಡವು. ಫ್ರೆಂಚಿನಲ್ಲಿ ಇಂದಿಗೂ ‘ದಮಾಂದೆ’ ಎಂದರೆ ಸುಮ್ಮನೆ ಕೇಳುವುದು. ಇಂಗ್ಲಿಷಿಗೆ ಬಂದ ಮೇಲೆ ಅದು ಹಕ್ಕಿನಿಂದ ಒತ್ತಾಯಿಸುವುದಾಯಿತು. ‘ಇಂಟರಾಗೇಟ್’ ಪೊಲೀಸ್ ಠಾಣೆಗೆ ಸೇರಿತು. ಎರಡು ದಿನದ ರಜೆಯನ್ನು ‘ಡಿಮಾಂಡ್’ ಮಾಡಿದ ನಮ್ಮ ಹುಡುಗ ಪ್ಯಾರಿಸ್ಸಿನಲ್ಲಿ ಹುಟ್ಟಿದ್ದರೆ ತಪ್ಪೇ ಆಗುತ್ತಿರಲಿಲ್ಲ.

ದೇಶೀಯ ಶಬ್ದಗಳಲ್ಲೂ ಇಂಥ ಪಾಲುಗಳಾದವು. ‘ಟೆಲ್’ ಎಂಬುದಕ್ಕೆ ಹಿಂದೆ ಎಣಿಸು ಎಂಬ ಅರ್ಥವಿತ್ತು. ಬ್ಯಾಂಕಿನಲ್ಲಿ ಹಣ ಎಣಿಸಿಕೊಡುವವರನ್ನು ‘ಟೆಲ್ಲರ್’ ಎನ್ನುವುದು ಅದರ ಉಳಿಕೆ. ನಡೆದದ್ದನ್ನು ಒಂದೊಂದಾಗಿ ಎಣಿಸುತ್ತ ಹೋಗುವುದೇ ಒಬ್ಬರಿಗೆ ಹೇಳುವುದು. ನಮ್ಮಲ್ಲೂ ‘ಎಣಿಸು’ ಎಂಬುದು ಲೆಕ್ಕಹಾಕುವುದರಿಂದ ಮುಂದುವರಿದು ಭಾವಿಸು ಎಂಬ ಅರ್ಥಕ್ಕೆ ಹೋಗಿರುವುದನ್ನು ಓದುಗರು ಬಲ್ಲರು. ‘ಟೀಚ್’ ಎಂದರೆ ಮೂಲದಲ್ಲಿ ತೋರಿಸು. ‘ಲರ್ನ್’ ಎಂಬುದನ್ನು ಷೇಕ್ಸ್‌ಪಿಯರನ ಕಾಲದಲ್ಲಿ ಕಲಿಯುವುದಕ್ಕೂ ಕಲಿಸುವುದಕ್ಕೂ ಬಳಸುತ್ತಿದ್ದರು. ಇಂಗ್ಲೆಂಡಿನ ಗ್ರಾಮ್ಯ ಮಾತಿನಲ್ಲಿ ಆ ಬಳಕೆ ಆಮೇಲೂ ಉಳಿದು, ಅಲ್ಲಿನ ಶಾಲಾ ಮಾಸ್ತರರಿಂದ ತಪ್ಪೆನಿಸಿಕೊಂಡಿತು.

ಆಂಗ್ಲರಿಗೇ ಈ ವ್ಯತ್ಯಾಸಗಳು ಸುಲಭವಾಗಿರಲಿಲ್ಲ ಎಂಬುದಕ್ಕೆ ಅವರ ಪುಸ್ತಕಗಳೇ ಸಾಕ್ಷಿ. 1755ರಲ್ಲಿ ತಮ್ಮ ಪ್ರಸಿದ್ಧ ನಿಘಂಟನ್ನು ಪ್ರಕಟಿಸಿದ ಸ್ಯಾಮ್ಯುಯಲ್ ಜಾನ್ಸನ್, ‘ಗೆಟ್’, ‘ಗಿವ್’, ‘ಪುಟ್’, ‘ಮೇಕ್’, ‘ಟೇಕ್’ ಮುಂತಾದ ಚಿಕ್ಕ ಕ್ರಿಯಾಪದಗಳ ಅರ್ಥಕ್ಕೆ ಬೇಲಿ ಹಾಕುವುದು ಎಷ್ಟು ಕಷ್ಟವೆಂದು ಮುನ್ನುಡಿಯಲ್ಲೇ ತೋಡಿಕೊಂಡರು. ‘ಟೇಕ್’ ಒಂದಕ್ಕೇ ಅವರು 134 ಅರ್ಥಗಳನ್ನು ಕೊಡಬೇಕಾಯಿತು. ಹೆಸ್ಟರ್ ಪಿಯೋಝಿ ಎಂಬಾಕೆ 1794ರಲ್ಲಿ, ಜಾರ್ಜ್ ಕ್ರ್ಯಾಬ್ 1816ರಲ್ಲಿ, ಸಮಾನಾರ್ಥಕವೆನಿಸುವ ಶಬ್ದಗಳ ಸೂಕ್ಷ್ಮ ಭೇದಗಳನ್ನು ವಿವರಿಸಲೆಂದೇ ಗ್ರಂಥಗಳನ್ನು ಬರೆದರು. 1884ರಿಂದ 1928ರವರೆಗೆ ಕಂತುಕಂತಾಗಿ ಬಂದ ಆಕ್ಸ್‌ಫರ್ಡ್ ಮಹಾನಿಘಂಟನ್ನು ನಮ್ಮ ಕಾಲದಲ್ಲಿ ಪರಿಷ್ಕರಿಸುವಾಗ ‘ರನ್’ ಎಂಬ ಒಂದೇ ಕ್ರಿಯಾಪದಕ್ಕೆ 600ಕ್ಕೂ ಹೆಚ್ಚು ಅರ್ಥಗಳು ದೊರೆತವು. ಮಾತೃಭಾಷಿಕರೇ ಗ್ರಂಥಗಳ ನೆರವು ಪಡೆದು ತಿಳಿಯಬೇಕಾದುದನ್ನು, ಹಳ್ಳಿಯ ಮಗು ವಾರದಲ್ಲಿ ಕೆಲವು ತಾಸುಗಳ ಪಾಠದಿಂದ ತಿಳಿಯಲಿ ಎಂದು ನಾವು ಬಯಸಿದೆವು.

ಇದನ್ನೆಲ್ಲ ಕೇಳಿ, ಇಂಗ್ಲಿಷ್ ಶ್ರೀಮಂತ ಭಾಷೆ, ಕನ್ನಡ ಬಡವಾದ್ದರಿಂದ ಒಂದೇ ಶಬ್ದದಲ್ಲಿ ಕಾಲ ಹಾಕುತ್ತದೆ ಎಂದು ಯಾರಾದರೂ ತಿಳಿದಾರು. ನಮ್ಮ ಶಿಕ್ಷಕ ಮಿತ್ರರಲ್ಲೇ ಹಲವರು ಹಾಗೆ ಹೇಳುತ್ತಿದ್ದರು. ಅವರಿಗೆ ನಾನು ‘ವೇರ್’ ಎಂಬ ಕ್ರಿಯಾಪದವನ್ನು ಕನ್ನಡಕ್ಕೆ ತನ್ನಿ ಎನ್ನುತ್ತಿದ್ದೆ. ಸೀರೆ ಉಡುತ್ತೇವೆ, ಅಂಗಿ ತೊಡುತ್ತೇವೆ, ಹೂವು ಮುಡಿಯುತ್ತೇವೆ, ರುಮಾಲು ಸುತ್ತುತ್ತೇವೆ, ಕುಂಕುಮ ಇಡುತ್ತೇವೆ, ಕೆರ ಮೆಟ್ಟುತ್ತೇವೆ. ಇವುಗಳಲ್ಲಿ ಯಾವುದನ್ನೂ ಇನ್ನೊಂದರ ಸ್ಥಾನದಲ್ಲಿ ಇಡುವಂತಿಲ್ಲ. ಹೂವನ್ನು ಉಟ್ಟಳು ಎಂದು ಬರೆದ ಆಂಗ್ಲ ಅಧಿಕಾರಿಯನ್ನು ಕಂಡು ಅವನ ಕನ್ನಡ ಮುನ್ಷಿ ಮೀಸೆಯ ಮರೆಯಲ್ಲಿ ನಕ್ಕಿರಲಾರನೇ? ‘ಬ್ರೇಕ್’ ಎಂಬುದೂ ಹಾಗೆಯೇ. ತೆಂಗಿನಕಾಯಿ ಒಡೆಯುತ್ತೇವೆ, ಕೋಲು ಮುರಿಯುತ್ತೇವೆ, ದಾರ ಹರಿಯುತ್ತೇವೆ. ಪಾತ್ರೆ ತೊಳೆಯುವ ಕೈ ಬಟ್ಟೆ ಒಗೆಯುತ್ತದೆ. ಇಂಗ್ಲಿಷಿಗೆ ಎರಡೂ ‘ವಾಷ್’. ಹೊಸದುರ್ಗದ ಕಡೆಯ ರೈತ ರಾಗಿ ಕೊಯ್ಯುತ್ತಾನೆ, ಕಡಲೆಕಾಯಿ ಕೀಳುತ್ತಾನೆ, ತೆಂಗಿನಕಾಯಿ ಕೆಡವುತ್ತಾನೆ, ಅದನ್ನು ಸುಲಿಯುತ್ತಾನೆ. ಶಾಲೆಗೆ ಹೋಗದ ಅವನು ಇವನ್ನು ಒಂದು ದಿನವೂ ಅದಲುಬದಲು ಮಾಡಿದವನಲ್ಲ.

ಸಮೀಪಾರ್ಥದ ಕ್ರಿಯಾಪದಗಳ ಭೇದವನ್ನು ಅರಿಯುವ ಶಾಸ್ತ್ರವೂ ನಮಗೆ ಹೊಸದಲ್ಲ. ಪ್ರಾಚೀನ ತಮಿಳು ವ್ಯಾಕರಣವಾದ ತೊಲ್ಕಾಪ್ಪಿಯಂ, ಕೇಳಿ ಪಡೆಯುವಾಗ ಬಳಸುವ ಮೂರು ಶಬ್ದಗಳನ್ನು ವಿಂಗಡಿಸಿದೆ. ಕೇಳುವವನು ಕೆಳಗಿನವನಾದರೆ ‘ಈ’, ಸಮಾನನಾದರೆ ‘ತಾ’, ಮೇಲಿನವನಾದರೆ ‘ಕೊಡು’. ಈ ಮೂರು ಧಾತುಗಳೂ ಕನ್ನಡದಲ್ಲಿವೆ. ಹದಿಮೂರನೆಯ ಶತಮಾನದ ಕೇಶಿರಾಜ ತನ್ನ ಶಬ್ದಮಣಿದರ್ಪಣದಲ್ಲಿ ಕನ್ನಡದ ಧಾತುಗಳನ್ನು ಅರ್ಥಸಹಿತ ಪಟ್ಟಿಮಾಡಿದ. ಆ ಗ್ರಂಥವನ್ನು ಕಿಟೆಲ್ ಅವರೇ 1872ರಲ್ಲಿ ಮಂಗಳೂರಿನಲ್ಲಿ ಸಂಪಾದಿಸಿ ಪ್ರಕಟಿಸಿದ್ದರು.

ಇನ್ನೂ ಮುಖ್ಯವಾದ ಸಂಗತಿಯೊಂದಿದೆ. ಅದು ನನಗೆ ಹೊಳೆದದ್ದು ಪುಸ್ತಕದಿಂದಲ್ಲ, ತರಗತಿಯಲ್ಲಿ. ‘ಹಿಯರ್’, ‘ಲಿಸನ್’ಗಳ ಭೇದ ಕನ್ನಡದಲ್ಲಿ ಇಲ್ಲವೆಂದು ನಾನು ಬಹುಕಾಲ ಹೇಳುತ್ತಿದ್ದೆ. ಒಂದು ಮಧ್ಯಾಹ್ನ ಹಿಂದಿನ ಬೆಂಚಿನ ಹುಡುಗನನ್ನು ‘ಕೇಳಿದೆಯೇನೋ?’ ಎಂದು ಗದರಿಸಿದಾಗ ಆತ, ‘ಕೇಳ್ತಾ ಇದೀನಿ ಸಾರ್, ಆದ್ರೆ ಇಲ್ಲಿಗೆ ಕೇಳಿಸ್ತಾ ಇಲ್ಲ’ ಎಂದ. ಹೊರಗೆ ಮಳೆ ಹೆಂಚಿನ ಮೇಲೆ ಬೀಳುತ್ತಿತ್ತು. ಅವನ ಉತ್ತರ ನನ್ನನ್ನು ತಡೆದು ನಿಲ್ಲಿಸಿತು. ನಾನು ಕೇಳಿದೆ ಎಂಬುದು ಬೇರೆ, ನನಗೆ ಕೇಳಿಸಿತು ಎಂಬುದು ಬೇರೆ. ಮೊದಲನೆಯದು ನಾನು ಮನಸ್ಸಿಟ್ಟು ಮಾಡಿದ ಕೆಲಸ, ಅದೇ ‘ಲಿಸನ್’. ಎರಡನೆಯದು ತಾನಾಗಿ ನನಗೆ ಆದದ್ದು, ಅದೇ ‘ಹಿಯರ್’. ‘ಲುಕ್’ ಮತ್ತು ‘ಸೀ’ಗಳೂ ನಮ್ಮಲ್ಲಿವೆ: ನೋಡಿದೆ, ಆದರೆ ಕಾಣಲಿಲ್ಲ. ನನಗೆ ತಿಳಿಯಿತು, ನಾನು ತಿಳಿದುಕೊಂಡೆ. ನನಗೆ ನೆನಪಾಯಿತು, ನಾನು ನೆನಪಿಸಿದೆ. ಇಂಗ್ಲಿಷ್ ಬೇರೆ ಬೇರೆ ಶಬ್ದಗಳಲ್ಲಿ ಹಿಡಿದಿಡುವ ಭೇದವನ್ನು ಕನ್ನಡ ಎಷ್ಟೋ ವೇಳೆ ವಿಭಕ್ತಿಯಲ್ಲಿ, ಪ್ರತ್ಯಯದಲ್ಲಿ, ‘ಕೊಳ್ಳು’ವಿನಂಥ ಸಹಾಯಕ ಕ್ರಿಯಾಪದದಲ್ಲಿ ಹಿಡಿದಿಡುತ್ತದೆ. ನಿಘಂಟು ಧಾತುವನ್ನು ಕೊಡುತ್ತದೆ, ವಾಕ್ಯವನ್ನು ಕೊಡುವುದಿಲ್ಲ. ‘ಕೇಳು’ ಎಂಬ ಧಾತುವನ್ನಷ್ಟೇ ಎತ್ತಿ ಪುಟದಲ್ಲಿಟ್ಟಾಗ, ನಮ್ಮ ಮಗುವಿಗೆ ಹುಟ್ಟಿನಿಂದ ಗೊತ್ತಿದ್ದ ಭೇದ ಅಲ್ಲಿಗೆ ಬರಲೇ ಇಲ್ಲ. ಮಗುವಿಗೆ ಜ್ಞಾನವಿತ್ತು. ಅದನ್ನು ಕೇಳುವ ಮೇಷ್ಟ್ರು ಇರಲಿಲ್ಲ.

ಹೊರಗಿನ ಪ್ರಪಂಚದಲ್ಲಿ ಇಂಗ್ಲಿಷ್ ಕಲಿಯುವವರನ್ನೇ ಮನಸ್ಸಿನಲ್ಲಿಟ್ಟು ಪುಸ್ತಕ ಬರೆಯುವ ಪ್ರಯತ್ನ ಇಪ್ಪತ್ತನೆಯ ಶತಮಾನದಲ್ಲಿ ನಡೆಯಿತು. ಅದರ ಒಂದು ಮುಖ್ಯ ಅಧ್ಯಾಯ ನಮ್ಮ ಉಪಖಂಡದಲ್ಲೇ ಆರಂಭವಾದದ್ದು. ಢಾಕಾದ ಶಿಕ್ಷಕರ ತರಬೇತಿ ಕಾಲೇಜಿನಲ್ಲಿದ್ದ ಮೈಕೆಲ್ ವೆಸ್ಟ್ ಬಂಗಾಳಿ ಮಕ್ಕಳ ಕಷ್ಟವನ್ನು ಕಂಡು 1926ರಲ್ಲಿ ದ್ವಿಭಾಷಿಕತೆಯ ಬಗ್ಗೆ ಗ್ರಂಥ ಬರೆದರು. 1935ರ ಅವರ ನಿಘಂಟು 1,490 ಸುಲಭ ಶಬ್ದಗಳನ್ನಷ್ಟೇ ಬಳಸಿ ಉಳಿದೆಲ್ಲವನ್ನೂ ವಿವರಿಸಿತು. ಜಪಾನಿನಲ್ಲಿ ಪಾಠ ಹೇಳುತ್ತಿದ್ದ ಎ. ಎಸ್. ಹಾರ್ನ್‌ಬಿ, ಶಬ್ದದ ಅರ್ಥ ಗೊತ್ತಿದ್ದೂ ವಿದ್ಯಾರ್ಥಿಗಳು ವಾಕ್ಯದಲ್ಲಿ ಎಡವುವುದನ್ನು ಗಮನಿಸಿದರು. ‘ಟೆಲ್ ಮಿ’ ಸರಿ, ‘ಸೇ ಮಿ’ ತಪ್ಪು, ‘ಎಕ್ಸ್‌ಪ್ಲೇನ್ ಮಿ’ ಕೂಡ ತಪ್ಪು. ಇದು ಅರ್ಥದಿಂದ ತಿಳಿಯುವುದಲ್ಲ, ಆಯಾ ಕ್ರಿಯಾಪದದ ನಡೆಯಿಂದ ತಿಳಿಯಬೇಕಾದದ್ದು. ಅವರು ಇಂಗ್ಲಿಷ್ ಕ್ರಿಯಾಪದಗಳನ್ನು 25 ಮಾದರಿಗಳಾಗಿ ವಿಂಗಡಿಸಿದರು. ಇಬ್ಬರು ಸಹೋದ್ಯೋಗಿಗಳೊಡನೆ ಅವರು ಸಿದ್ಧಪಡಿಸಿದ ನಿಘಂಟು, ಜಪಾನ್ ಮತ್ತು ಬ್ರಿಟನ್ ಯುದ್ಧದಲ್ಲಿದ್ದ 1942ರಲ್ಲಿ ಟೋಕಿಯೋದಲ್ಲಿ ಅಚ್ಚಾಯಿತು. 1948ರಲ್ಲಿ ಆಕ್ಸ್‌ಫರ್ಡ್ ಮುದ್ರಣಾಲಯ ಅದನ್ನು ಮರುಮುದ್ರಿಸಿ ಲೋಕಕ್ಕೆಲ್ಲ ಹಂಚಿತು. ನಮ್ಮಲ್ಲಿ ಮೈಸೂರು ವಿಶ್ವವಿದ್ಯಾನಿಲಯ 1946ರಲ್ಲಿ ಇಂಗ್ಲಿಷ್–ಕನ್ನಡ ನಿಘಂಟನ್ನು ಹೊರತಂದು ಕನ್ನಡಿಗರ ಅಗತ್ಯದತ್ತ ತಿರುಗಿತು.

1963ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಸ್ಥಾಪನೆಯಾಗಿ, ನನ್ನಂಥ ಅನೇಕ ಜಿಲ್ಲಾ ಶಿಕ್ಷಕರಿಗೆ ತರಬೇತಿಯ ದಾರಿ ತೆರೆಯಿತು. ಅಲ್ಲಿಯೇ ಎನ್. ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆಸಿದ ಪ್ರಯೋಗ ‘ಬೆಂಗಳೂರು ಯೋಜನೆ’ ಎಂದು ಹೊರದೇಶಗಳಲ್ಲೂ ಹೆಸರಾಯಿತು. ಅದರ ತಿರುಳು ಸರಳವಾದದ್ದು: ಮಗುವಿನ ಮನಸ್ಸು ಅರ್ಥದಲ್ಲಿ ತೊಡಗಿರುವಾಗಲೇ ಭಾಷೆಯ ರೂಪ ಚೆನ್ನಾಗಿ ಮೈಗೂಡುತ್ತದೆ. ಆದ್ದರಿಂದ ನಿಯಮವನ್ನು ಮುಂದಿಟ್ಟು ಕಲಿಸುವ ಬದಲು, ಬಿಡಿಸಬೇಕಾದ ಸಮಸ್ಯೆಯನ್ನು ಮುಂದಿಡಬೇಕು. ಈ ಮಾತನ್ನು ಮೊದಲ ಬಾರಿಗೆ ಕೇಳಿದಾಗ ನನಗೆ ಆ ಹುಡುಗನ ಏಳನೆಯ ವಾಕ್ಯ ನೆನಪಾಯಿತು. ಅವನ ಮನಸ್ಸು ಅರ್ಥದಲ್ಲಿತ್ತು. ರೂಪದಲ್ಲಿ ಮುಳುಗಿದ್ದವನು ನಾನು.

ಈಗ ಅವನ ವಿಚಾರ. ನಾನು ನಗೆಯಾಡಿದ ವಾರದ ಬಳಿಕ ಅವನು ಶಾಲೆಗೆ ಬರುವುದು ನಿಂತಿತು. ಇನ್ನೂ ಕೆಲವು ದಿನ ಕಳೆದ ಮೇಲೆ ಅವನ ತಂದೆ ಬಂದ. ಹೆಗಲ ಮೇಲೆ ಕಂಬಳಿ, ಕಾಲಲ್ಲಿ ಕೆರ. ಕೆರವನ್ನು ಬಾಗಿಲ ಹೊರಗೆ ಬಿಟ್ಟು ಒಳಬಂದ. ‘ಮೇಷ್ಟ್ರೇ, ಹುಡುಗ್ನ ಕಾಗ್ದ ಕೊಡ್ಬೇಕು ಅಂತ ಕೇಳಾಕೆ ಬಂದೀನಿ’ ಎಂದ. ಮುಖ್ಯೋಪಾಧ್ಯಾಯರು ವಿಚಾರಿಸಿದಾಗ ವಿಷಯ ತಿಳಿಯಿತು. ಮಳೆ ಕೈಕೊಟ್ಟಿತ್ತು. ಎರಡು ಸಾವಿರದ ಸಾಲಕ್ಕೆ ಹೊಲವನ್ನು ಬರೆದುಕೊಟ್ಟಿದ್ದ. ಮನೆಮಂದಿಯೆಲ್ಲ ಚಿಕ್ಕಮಗಳೂರಿನ ಕಡೆ ಕಾಫಿ ತೋಟದ ಕೆಲಸಕ್ಕೆ ಹೊರಟಿದ್ದರು. ಹುಡುಗನ ಪ್ರಬಂಧದ ಎಂಟನೆಯ ವಾಕ್ಯವೂ ಒಂಬತ್ತನೆಯ ವಾಕ್ಯವೂ ಅದನ್ನೇ ಹೇಳಿದ್ದವು. ಅವುಗಳಲ್ಲಿ ತಪ್ಪಿರಲಿಲ್ಲವಾದ್ದರಿಂದ ನಾನು ಅವನ್ನು ಗಮನಿಸದೆ ಮುಂದೆ ಹೋಗಿದ್ದೆ.

ನನ್ನ ನಗೆಯಿಂದಲೇ ಅವನು ಶಾಲೆ ಬಿಟ್ಟ ಎಂದು ನಾನು ಹೇಳಲಾರೆ. ಸಾಲ ಅವನನ್ನು ಹೇಗೂ ಊರು ಬಿಡಿಸುತ್ತಿತ್ತು. ಆದರೆ ಮನೆಯೊಳಗಿನ ದೊಡ್ಡ ದುಃಖವನ್ನು ಆ ಹುಡುಗ ತನಗೆ ಬಾರದ ಭಾಷೆಯಲ್ಲಿ, ಕಷ್ಟಪಟ್ಟು, ತನ್ನ ಮೇಷ್ಟ್ರಿಗೆ ಹೇಳಿದ್ದ. ಮೇಷ್ಟ್ರು ದಿಕ್ಕನ್ನು ತಿದ್ದಿ ಅವನನ್ನು ನಗೆಪಾಟಲು ಮಾಡಿದರು. ಇಷ್ಟನ್ನು ನಾನು ಒಪ್ಪಿಕೊಳ್ಳಲೇಬೇಕು.

ಅಂದಿನಿಂದ ಒಂದು ಪದ್ಧತಿ ಇಟ್ಟುಕೊಂಡೆ. ಕ್ರಿಯಾಪದ ತಪ್ಪಾದಾಗ ಗೆರೆ ಎಳೆಯುವ ಮೊದಲು, ‘ಇದನ್ನು ಮನೆಯಲ್ಲಿ ಅಮ್ಮನಿಗೆ ಹೇಗೆ ಹೇಳುತ್ತೀ?’ ಎಂದು ಕೇಳುತ್ತಿದ್ದೆ. ಮಗು ಕನ್ನಡದಲ್ಲಿ ಪೂರ್ತಿ ವಾಕ್ಯ ಹೇಳಿದೊಡನೆ ಭೇದ ಎಲ್ಲಿದೆ ಎಂಬುದು ಇಬ್ಬರಿಗೂ ಕಾಣುತ್ತಿತ್ತು. ‘ಸಾಲ ತಂದ’ ಎನ್ನುವಾಗಿನ ‘ತಂದ’ವೇ ‘ಬಾರೋಡ್’ ಎಂದು ತೋರಿಸಿದರೆ ಸಾಕು, ಮತ್ತೆ ತಪ್ಪುತ್ತಿರಲಿಲ್ಲ. ಕರ್ನಾಟಕದಲ್ಲಿ 2007ರಿಂದ ಸರ್ಕಾರಿ ಶಾಲೆಯ ಒಂದನೆಯ ತರಗತಿಗೇ ಇಂಗ್ಲಿಷ್ ಬಂದಿದೆ. ಆರು ವರ್ಷದ ಮಗುವಿನ ಮುಂದೆ ನಿಲ್ಲುವ ಕಿರಿಯ ಶಿಕ್ಷಕರು ಕನ್ನಡವನ್ನು ತರಗತಿಯ ಹೊರಗೆ ನಿಲ್ಲಿಸದೆ, ಅದರ ಕ್ರಿಯಾಪದಗಳನ್ನು ಮೊದಲು ಆಲಿಸಲಿ ಎಂಬುದು ನನ್ನ ಬೇಡಿಕೆ.

ಅಂದು ವರ್ಗಾವಣೆ ಪತ್ರವನ್ನು ಬರೆದವನು ನಾನೇ. ತಂದೆ ಹೆಬ್ಬೆಟ್ಟು ಒತ್ತಿದ. ಶಾಲೆ ಬಿಟ್ಟ ಕಾರಣ ಎಂಬ ಅಂಕಣದಲ್ಲಿ ರೂಢಿಯಂತೆ ‘ಪೋಷಕರ ಕೋರಿಕೆಯ ಮೇರೆಗೆ’ ಎಂದು ತುಂಬಿದೆ. ಅದರಲ್ಲಿ ಯಾವ ಶಬ್ದದೋಷವೂ ಇರಲಿಲ್ಲ. ನಿಜವಾದ ಕಾರಣ ಹುಡುಗನ ಪುಸ್ತಕದಲ್ಲಿ, ನನ್ನ ಕೆಂಪು ಗೆರೆಯ ಮೇಲೆ ಇತ್ತು.